ಅತ್ತೆ ಗಂಟು ಬಿಚ್ಚದ ಬೇಸಿಗೆ

ಬೆಟಗೇರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಶಾವಿಗೆ ಮಷೀನಿದೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಶುರುವಾದರೆ ಮೊದಲ ಮಳೆ ಬೀಳುವ ತನಕ ಅದರ ಸದ್ದು ನಿಲ್ಲುವುದಿಲ್ಲ. ಹೆಂಗಸರು ನಾದಿದ ಹಿಟ್ಟಿನ ಬೋಗುಣಿಗಳ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಗೋಡೆಯ ನೆರಳಿಗೆ ಸಾಲಾಗಿ ಕೂತಿರುತ್ತಾರೆ. ಕೋಲುಗಳ ಮೇಲೆ ಇಳಿಬಿಟ್ಟ ಶಾವಿಗೆ ಬಿಸಿಲಿಗೆ ಒಣಗುವಾಗ ಹಸಿ ಗೋಧಿಯ ಸಿಹಿ ವಾಸನೆಯೊಂದು ಓಣಿ ತುಂಬಿ, ಕಿಟಕಿಯಿಂದ ನಮ್ಮ ಮನೆಯೊಳಕ್ಕೂ ಬರುತ್ತದೆ. ಧೂಳು ಬರುತ್ತದೆಂದು ಮಗಳು ಕಿಟಕಿ ಮುಚ್ಚಲು ಹೋಗುತ್ತಾಳೆ. ನಾನು ಬೇಡವೆನ್ನುತ್ತೇನೆ. ಆ ವಾಸನೆಯ ಬೆನ್ನಿಗೆ ಮುಂಡರಗಿಯ ನಮ್ಮ ಮನೆ ಬರುತ್ತದೆ, ಮಣ್ಣಿನ ಮಾಳಿಗೆ ಬರುತ್ತದೆ, ಮಾಳಿಗೆಯ ಮೇಲೆ ಸೆರಗು ಸಿಕ್ಕಿಸಿ ಕೂತ ಗಂಗತ್ತೆ ಬರುತ್ತಾಳೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು, ಇಲ್ಲದ ಮನೆಯ ಬಾಗಿಲು ತೆರೆಯುವಂಥದ್ದು.

ಗಂಗತ್ತೆ ನಮ್ಮಪ್ಪನ ತಂಗಿ. ಅವಳನ್ನು ಕೊಟ್ಟದ್ದು ಅಳವಂಡಿಯ ಆಚೆಗಿನ ಒಂದು ಸಣ್ಣ ಊರಿಗೆ. ಎತ್ತಿನ ಬಂಡಿಯಲ್ಲಿ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವಷ್ಟು ದೂರ. ಆದರೂ ಆಗ ಅದು ಬೇರೆ ರಾಜ್ಯ. ನಮ್ಮದು ಮುಂಬಯಿ ಇಲಾಖೆ, ಅವರದು ನಿಜಾಮರ ಸೀಮೆ. ನಮ್ಮ ಕಡೆ ಅದನ್ನು ಮೊಗಲಾಯಿ ಅನ್ನುತ್ತಿದ್ದರು. ಅಲ್ಲಿನ ನಾಣ್ಯ ನಮ್ಮ ಬಜಾರಿನಲ್ಲಿ ನಡೆಯುತ್ತಿರಲಿಲ್ಲ, ಅಲ್ಲಿನ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಕ್ಕಳಾದ ನಮಗೆ ಇದಾವುದೂ ದೊಡ್ಡದಾಗಿ ಕಾಣುತ್ತಿರಲಿಲ್ಲ. ಶಾಲೆಗೆ ಬೇಸಿಗೆ ಸೂಟಿ ಬಿದ್ದ ಕೂಡಲೆ ಅತ್ತೆ ತನ್ನ ಮಗ ಬಸುವನ್ನು ಕರೆದುಕೊಂಡು ತವರಿಗೆ ಬರುತ್ತಿದ್ದಳು, ಜೂನ್ ಮೊದಲಿಗೆ ಬೀಳುವ ಮಿರಗದ ಮಳೆಗೆ ಮುಂಚೆ ಮಾವ ಬಂದು ಇಬ್ಬರನ್ನೂ ಕರೆದೊಯ್ಯುತ್ತಿದ್ದರು. ವೀರಪ್ಪ ಮಾವ ಎತ್ತರದ ಆಳು. ನಮ್ಮ ತಲೆಬಾಗಿಲಲ್ಲಿ ಬಗ್ಗುವುದನ್ನು ಮರೆತು ಪ್ರತಿ ಸಲವೂ ಹಣೆ ಬಡಿಸಿಕೊಳ್ಳುತ್ತಿದ್ದರು, ಆಮೇಲೆ ನಮ್ಮೊಂದಿಗೆ ತಾವೂ ನಗುತ್ತಿದ್ದರು. ಅವರು ಬಂದರೆಂದರೆ ನಮಗೆ ಒಳಗೊಳಗೇ ದುಃಖ. ನಮ್ಮ ಮನೆಯಲ್ಲಿ ಸೂಟಿ ಮುಗಿಯುತ್ತಿದ್ದದ್ದು ಅವರು ಬಂದ ದಿನ.

ಸ್ವಾತಂತ್ರ್ಯ ಬಂದ ಮರುವರ್ಷ ಅತ್ತೆ ಎಂದಿಗಿಂತ ಮೊದಲೇ ಬಂದಳು. ಅವರ ಬಂಡಿಯಲ್ಲಿ ಅಲ್ಲ, ಯಾರದೋ ಬಂಡಿಯಲ್ಲಿ, ಇನ್ನೂ ಎರಡು ಮನೆಯ ಹೆಂಗಸರು ಮಕ್ಕಳ ಜೊತೆಗೆ ಒತ್ತಿಕೊಂಡು ಕೂತು. ಕೈಯಲ್ಲಿ ಪ್ರತಿ ವರ್ಷದಂತೆ ಒಂದೇ ಗಂಟು. ಸೂಟಿಗೆ ಹೋಗುವಾಗ ಏನು ಒಯ್ಯುತ್ತೀಯೋ ಅಷ್ಟೇ ಒಯ್ಯಿ, ಎಂದಿನಂತೆ ನಾನು ಬಂದು ಕರೆದುಕೊಂಡು ಬರುತ್ತೇನೆ ಅಂತ ಮಾವ ಹೇಳಿ ಕಳಿಸಿದ್ದರಂತೆ. ಮಾವನ ತಾಯಿಗೆ ವಯಸ್ಸಾಗಿತ್ತು. ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲವೆಂದು ಹಟ ಹಿಡಿದು ಕೂತಿದ್ದರಿಂದ ಮಾವನೂ ಅಲ್ಲೇ ಉಳಿದರು. ನಿಜಾಮರು ಭಾರತಕ್ಕೆ ಸೇರಲು ಒಪ್ಪದೆ ಗಡಿಯಾಚೆ ಗಲಾಟೆ ಎದ್ದಿತ್ತು. ನಿಜಾಮರ ಕಡೆಯ ಪುಂಡರು ಹಾಡಹಗಲೇ ಊರುಗಳಿಗೆ ನುಗ್ಗಿ ಸುಲಿಯುತ್ತಾರೆ, ಬಣವೆಗೆ ಬೆಂಕಿ ಇಡುತ್ತಾರೆ ಎಂಬ ಖಬರು ದಿನಾಲೂ ಬರುತ್ತಿತ್ತು. ನಮ್ಮೂರಿನ ಧರ್ಮಶಾಲೆ, ಗುಡಿಗಳ ಕಟ್ಟೆ, ಗಂಡುಮಕ್ಕಳ ಶಾಲೆಯ ಪಡಸಾಲೆ, ಎಲ್ಲ ಕಡೆ ಆ ಸೀಮೆಯ ಜನ ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುತ್ತಿದ್ದರು. ನಮಗೋ ಬಸು ಬೇಗ ಬಂದನಲ್ಲ ಎಂಬ ಸಂಭ್ರಮ. ದೊಡ್ಡವರು ನಾವು ಹತ್ತಿರ ಹೋದ ಕೂಡಲೆ ಮಾತು ನಿಲ್ಲಿಸುತ್ತಿದ್ದರು.

ಆ ವರ್ಷವೂ ಶಾವಿಗೆ ಮಾಡಿದೆವು. ಅತ್ತೆಯಷ್ಟು ಸಣ್ಣಗೆ ಶಾವಿಗೆ ಎಳೆಯುವ ಕೈ ನಮ್ಮ ಓಣಿಯಲ್ಲೇ ಇರಲಿಲ್ಲ. ಅವಳು ಮಣೆಯ ಮೇಲೆ ಹಿಟ್ಟು ಹೊಸೆಯುತ್ತಿದ್ದರೆ ಎಳೆ ಕೂದಲಿನಂತೆ ಇಳಿಯುತ್ತಿತ್ತು. ಕೆಳಗೆ ಕೂತು ಅದನ್ನು ಕೋಲಿಗೆ ಹಿಡಿಯುವುದು ನನ್ನ ಕೆಲಸ, ಕಾಗೆ ಓಡಿಸುವುದು ಬಸುವಿನದು. ಒಣಗಿದ ಶಾವಿಗೆಯಲ್ಲಿ ತನ್ನ ಮನೆಯ ಪಾಲನ್ನು ಎಂದಿನಂತೆ ಬೇರೆ ತೆಗೆದು ಹಳೆಯ ಧೋತರದಲ್ಲಿ ಕಟ್ಟಿಟ್ಟಳು. ನನ್ನ ಅವ್ವ ಗೂಟಕ್ಕೆ ಹಗ್ಗ ಕಟ್ಟಿ ಸೀರೆ ತೂಗುಹಾಕಿಕೋ ಅಂದರೂ ಅತ್ತೆ ಒಲ್ಲೆನೆಂದಳು. ಒಗೆದ ಸೀರೆ ಒಣಗಿದ ಕೂಡಲೆ ಮಡಚಿ ಗಂಟಿನೊಳಗೇ ಇಟ್ಟು ಬಿಗಿಯಾಗಿ ಕಟ್ಟುತ್ತಿದ್ದಳು. ನಡುವೆ ಒಮ್ಮೆ ಬಂಡಿಯವನೊಬ್ಬನ ಕೈಯಲ್ಲಿ ಮಾವನ ಸುದ್ದಿ ಬಂತು. ಎಲ್ಲರೂ ಆರಾಮ, ಸಾಲಿ ಶುರುವಾಗೂದರೊಳಗ ಬರ್ತೀನಿ ಅಂತ. ಅವತ್ತು ಅತ್ತೆ ತಲೆಗೆ ಎರೆದುಕೊಂಡು ಅಬ್ಬಲಿಗೆ ಹೂವು ಮುಡಿದಿದ್ದಳು.

ಮಿರಗದ ಮಳೆ ಬಂತು. ಮಾವ ಬರಲಿಲ್ಲ. ಶಾಲೆಯ ಪಡಸಾಲೆಯಲ್ಲಿದ್ದ ಜನರನ್ನು ಬೇರೆಡೆಗೆ ಕಳಿಸಿ, ಕರಿಹಿಡಿದ ಗೋಡೆಗೆ ಸುಣ್ಣ ಬಳಿದು ಗಂಟೆ ಬಾರಿಸಿದರು. ಅಪ್ಪ ತನ್ನ ಬಟ್ಟೆ ಅಂಗಡಿಯಿಂದ ಖಾಕಿ ಅರಿವೆ ತಂದು ನನ್ನ ತಮ್ಮ ಈರಣ್ಣನಿಗೆ ಚಡ್ಡಿ ಹೊಲಿಸಿದ. ಬಸುವಿಗೂ ಅಳತೆ ಕೊಡು ಅಂದಾಗ ಅತ್ತೆ ಬೇಡವೆಂದಳು. ಇನ್ನೇನು ಅವರು ಬರುತ್ತಾರೆ, ಎರಡೆರಡು ಶಾಲೆಯಲ್ಲಿ ಹೆಸರು ಯಾಕೆ ಅನ್ನುವುದು ಅವಳ ಮಾತು. ಅಪ್ಪನ ತಾಯಿ, ನಮ್ಮ ಆಯಿ ಹೇಳಿದಳು, ಅಪ್ಪ ಹೇಳಿದ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಪಾಟಿ ಹಿಡಿದು ಹೊರಟಾಗ ಬಸು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದ. ಅವನಿಗೆ ನನಗಿಂತ ಒಂದೆರಡು ವರ್ಷ ಹೆಚ್ಚು. ಉರ್ದು ಓದುತ್ತಿದ್ದ, ಲೆಕ್ಕದಲ್ಲಿ ಜಾಣ, ಆದರೆ ಕನ್ನಡದ ಅಕ್ಷರ ಒಂದೂ ಬಾರದು. ಸಂಜೆ ನನ್ನ ಪಾಟಿ ಇಸಿದುಕೊಂಡು ಬಲದಿಂದ ಎಡಕ್ಕೆ ಚಕಚಕ ಬರೆದು, ಇದು ನನ್ನ ಹೆಸರು, ಇದು ಅಪ್ಪನದು ಎಂದು ತೋರಿಸುತ್ತಿದ್ದ. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ಆಮೇಲೆ ಸುದ್ದಿಯೇ ನಿಂತುಹೋಯಿತು. ಅಪ್ಪ ಅಂಗಡಿ ತೆರೆಯುವ ಮುಂಚೆ ಧರ್ಮಶಾಲೆಗೆ ಹೋಗಿ, ಹೊಸದಾಗಿ ಗಡಿ ದಾಟಿ ಬಂದವರನ್ನು ಕೇಳಿ ಬರುತ್ತಿದ್ದ. ಬಾಗಿಲಿಗೆ ಬಂದವನೇ ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ. ಅದನ್ನು ನೋಡಿಯೇ ಅತ್ತೆ ಒಳಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ನಗು ಕಡಿಮೆಯಾಯಿತು. ಅವ್ವ ಮತ್ತು ಅತ್ತೆ ಒಂದೇ ಒಲೆಯ ಮುಂದೆ ಕೂತು, ಒಬ್ಬಳು ರೊಟ್ಟಿ ಬಡಿಯುತ್ತ ಒಬ್ಬಳು ಬೇಯಿಸುತ್ತ, ಒಂದು ಮಾತೂ ಆಡದೆ ಬುಟ್ಟಿ ತುಂಬುವುದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಬಸು ಕಾಣಲಿಲ್ಲ. ಅತ್ತೆ ಓಣಿ ಓಣಿ ಹುಡುಕಿ ಗಂಡುಮಕ್ಕಳ ಶಾಲೆಯ ಹಿತ್ತಿಲಲ್ಲಿ ಅವನನ್ನು ಕಂಡಳು. ಕಿಟಕಿಯ ಕೆಳಗೆ ಕೆಸರಿನಲ್ಲಿ ಕೂತು, ಒಳಗೆ ಒಂದನೆಯ ಇಯತ್ತೆಯ ಮಕ್ಕಳು ಕೂಗುವುದನ್ನು ತಾನೂ ಮೆಲ್ಲಗೆ ಕೂಗುತ್ತಿದ್ದನಂತೆ. ರಟ್ಟೆ ಹಿಡಿದು ಎಳೆದುಕೊಂಡು ಬಂದು ಪಡಸಾಲೆಯಲ್ಲಿ ಕೈಸೋಲುವ ತನಕ ಹೊಡೆದಳು. ಅಂದಿನವರೆಗೆ ಅವಳು ಅವನ ಮೈಮೇಲೆ ಕೈ ಎತ್ತಿದ್ದನ್ನು ನಾವು ಕಂಡಿರಲಿಲ್ಲ. ಬಸು ಅಳಲಿಲ್ಲ. ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದ ಅವ್ವ ಅವನನ್ನು ಬಿಡಿಸಿ ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು.

"ಗಂಗವ್ವಾ," ಅಂದಳು, ದನಿ ಏರಿಸದೆ. "ಈ ಸಲ ನೀ ಸೂಟಿಗೆ ಬಂದಿಲ್ಲ."

ಮೂಲೆಯಲ್ಲಿ ಕೂತಿದ್ದ ಆಯಿ ಸುಮ್ಮನಿರು ಎಂಬಂತೆ ಅವ್ವನ ಕಡೆ ಕೈ ಮಾಡಿದಳು. ಅವ್ವ ಸುಮ್ಮನಾಗಲಿಲ್ಲ.

"ಅವರು ಬಂದಾಗ ಬರ್ತಾರ. ಬಂದ ದಿನಾನ ಕರಕೊಂಡು ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಅಲ್ಲೀತನಕ ಕೂಸು ಕಟ್ಟಿಮ್ಯಾಲೆ ಕುಂಡ್ರೂದು ನನ್ನ ಕಣ್ಣಿಂದ ನೋಡಾಕ ಆಗೂದಿಲ್ಲ."

ಅತ್ತೆ ಒಳಗೆ ಹೋಗಿ ಗಂಟಿನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನ ಅವ್ವ ಬಸುವಿಗೆ ಈರಣ್ಣನ ದೊಗಲೆ ಅಂಗಿ ತೊಡಿಸಿ, ಒಬ್ಬಳೇ ಹೋಗಲು ಸಂಕೋಚವಾಗಿ ನನ್ನನ್ನೂ ಕರೆದುಕೊಂಡು ಹೊರಟಳು. ಅವ್ವ ಶಾಲೆಯ ಮೆಟ್ಟಿಲು ಹತ್ತಿದ್ದು ಬಹುಶಃ ಅದೇ ಮೊದಲು. ತಲೆಯ ಮೇಲಿನ ಸೆರಗು ಎಳೆದುಕೊಂಡು ಬಾಗಿಲ ಚೌಕಟ್ಟಿಗೆ ಅಂಟಿ ನಿಂತಳು. ಹೆಡ್ ಮಾಸ್ತರರು ವಯಸ್ಸಾದವರು. ಹುಡುಗನ ಹೆಸರು, ಊರು, ತಂದೆಯ ಹೆಸರು ಕೇಳಿದರು. ಮೊಗಲಾಯಿಯ ಊರಿನ ಹೆಸರು ಕೇಳಿದೊಡನೆ ಬರೆಯುತ್ತಿದ್ದ ಕೈ ನಿಲ್ಲಿಸಿ ಅವ್ವನನ್ನು ನೋಡಿದರು. ಆ ಮಳೆಗಾಲದಲ್ಲಿ ಅವರು ಇಂಥ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದರೋ, ಮೆಲ್ಲಗೆ ಕೇಳುವುದನ್ನು ಕಲಿತಿದ್ದರು.

"ಹುಡುಗನ ತಂದಿ ಅದಾರೇನವ್ವಾ?"

ಬಸು ತಲೆ ಎತ್ತಿ ಅವ್ವನ ಬಾಯನ್ನೇ ನೋಡುತ್ತಿದ್ದ.

"ಅದಾರ್ರಿ," ಅಂದಳು ಅವ್ವ.

ಮನೆಗೆ ಬಂದಾಗ ಅತ್ತೆ ಎದ್ದು ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಶಾಲೆ ಎಂಥದ್ದು, ಯಾವ ಇಯತ್ತೆ, ಏನನ್ನೂ ಕೇಳಲಿಲ್ಲ. ಅವರ ಸುದ್ದಿ ಕೇಳಿದರೇನು ವೈನಿ, ಅಂದಳು. ಕೇಳಿದರು, ಅದಾರ ಅಂದೆ, ಅಂತ ಅವ್ವ ಹೇಳಿದಳು. ಅತ್ತೆ ಬಹಳ ಹೊತ್ತು ಅವ್ವನ ಮುಖ ನೋಡಿದಳು. ಆಮೇಲೆ ಎದ್ದು ಗಂಟು ತಂದು, ಅದರೊಳಗಿಂದ ಬಸುವಿನ ಎರಡು ಅಂಗಿಗಳನ್ನಷ್ಟೇ ತೆಗೆದು ಗೂಟಕ್ಕೆ ಹಾಕಿ, ಉಳಿದದ್ದನ್ನು ಮತ್ತೆ ಕಟ್ಟಿಟ್ಟಳು.

ಬಸುವನ್ನು ಒಂದನೆಯ ಇಯತ್ತೆಯಲ್ಲಿ ನಮ್ಮ ಈರಣ್ಣನ ಪಕ್ಕಕ್ಕೆ ಕೂರಿಸಿದರು. ಚಾಪೆಯ ತುಂಬ ಗುಬ್ಬಿಯಂಥ ಮಕ್ಕಳು, ನಡುವೆ ಇವನೊಬ್ಬ ಮೊಣಕಾಲು ಮಡಚಲು ಜಾಗವಿಲ್ಲದ ಉದ್ದನೆಯ ಹುಡುಗ. ಹುಡುಗರು ಅವನನ್ನು ಮೊಗಲಾಯಿ ಅಂತ ಕರೆದರು. ಮೊದಮೊದಲು ಕನ್ನಡವನ್ನೂ ಬಲಗಡೆಯಿಂದಲೇ ಶುರುಮಾಡುತ್ತಿದ್ದ, ಥಟ್ಟನೆ ನೆನಪಾಗಿ ಅಂಗೈಯಿಂದ ಒರೆಸಿಬಿಡುತ್ತಿದ್ದ. ಆದರೆ ಶ್ರಾವಣದ ಹೊತ್ತಿಗೆ ಕಾಗುಣಿತ ಮುಗಿಸಿದ. ಆಯಿಗೆ ಪುರಾಣ ಓದಿ ಹೇಳುವಷ್ಟಾದ. ಅವನ ದನಿ ಕೇಳುತ್ತ ಅತ್ತೆ ಕೈಯಲ್ಲಿನ ಕೆಲಸ ನಿಲ್ಲಿಸುತ್ತಿದ್ದಳು. ಮುಖದಲ್ಲಿ ಹಿಗ್ಗು ಮೂಡುತ್ತಿತ್ತು, ಅದರ ಹಿಂದೆಯೇ ಏನೋ ತಪ್ಪು ಮಾಡಿದವಳಂತೆ ತಲೆ ತಗ್ಗಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯ ದಂಡು ನಿಜಾಮರ ಸೀಮೆಗೆ ಹೋಯಿತು, ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತೆಂದರು. ಬಜಾರಿನಲ್ಲಿ ಸಕ್ಕರೆ ಹಂಚಿದರು. ಅಪ್ಪ ಮರುದಿನವೇ ಬಂಡಿ ಕಟ್ಟಿಸಿಕೊಂಡು ಅತ್ತೆಯ ಊರಿಗೆ ಹೋದ. ಮನೆಯ ಬಾಗಿಲು ಮುರಿದಿತ್ತು, ಕೊಟ್ಟಿಗೆ ಬರಿದಾಗಿತ್ತು. ಮಾವನ ಮುದಿ ತಾಯಿ ಮಾತ್ರ ಪಕ್ಕದ ಮನೆಯ ಹುಸೇನಸಾಬರ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಹುಸೇನಸಾಬರ ಹೆಂಡತಿ ಅಷ್ಟು ದಿನವೂ ಆಕೆಯನ್ನು ತನ್ನ ತಾಯಿಯಂತೆ ನೋಡಿಕೊಂಡಿದ್ದಳು, ಹುಡುಕಿಕೊಂಡು ಬಂದವರಿಗೆ ನಮ್ಮ ಹಿರಿಯಳು ಅಂತಲೇ ಹೇಳಿದ್ದಳು. ಮಾವ ಮಿರಗಕ್ಕೆ ಮುಂಚೆ ಒಂದು ಬೆಳಗ್ಗೆ, ಯಾರೋ ಹೊಡೆದುಕೊಂಡು ಹೋದ ಎತ್ತುಗಳನ್ನು ಹುಡುಕಿ ತರುತ್ತೇನೆ, ಹೆಂಡತಿ ಮಗನನ್ನು ಕರೆತರಲು ಬಂಡಿ ಬೇಕು ಅಂತ ಹೇಳಿ ಹೊರಟವರು. ಆಮೇಲೆ ಅವರನ್ನು ಕಂಡವರಿಲ್ಲ. ಸತ್ತರೆಂದೂ ಯಾರೂ ಹೇಳಲಿಲ್ಲ, ಇದ್ದಾರೆಂದೂ ಹೇಳಲಿಲ್ಲ. ಅಪ್ಪ ಕೊಪ್ಪಳದವರೆಗೂ ಹೋಗಿ ಕೇಳಿ, ಬರಿಗೈಯಲ್ಲಿ ಬಂದ.

ಅತ್ತೆ ಅಳಲಿಲ್ಲ. ಮುದುಕಿಯನ್ನು ನೋಡುವವರು ಯಾರು ಅಂತಷ್ಟೇ ಕೇಳಿ, ಊರಿಗೆ ಹೊರಟು ನಿಂತಳು. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಬಸು ತಾನೂ ಬರುತ್ತೇನೆಂದು ಬಂಡಿಯ ಗಾಲಿ ಹಿಡಿದುಕೊಂಡ. ಅವಳು ಇಳಿದು ಬಂದು ಅವನ ಬೆರಳು ಬಿಡಿಸಿ ಅವ್ವನ ಕೈಗೆ ಕೊಟ್ಟಳು. ಅವನ ಸಾಲಿ ಬಿಡಿಸಬ್ಯಾಡ ವೈನಿ, ಅಂದಳು. ಅಲ್ಲಿಂದ ಮುಂದೆ ಬಸು ನಮ್ಮ ಮನೆಯ ಮಗನಾದ. ಬೇಸಿಗೆಗೆ ತಾಯಿಯ ಹತ್ತಿರ ಹೋಗುತ್ತಿದ್ದ. ಸೂಟಿ ಮುಗಿದಾಗ ಅತ್ತೆಯೇ ಅವನನ್ನು ಕರೆತಂದು ಬಿಟ್ಟು, ಒಂದು ಹೊತ್ತು ಉಂಡು, ಅದೇ ಬಂಡಿಯಲ್ಲಿ ತಿರುಗುತ್ತಿದ್ದಳು. ಇರು ಅಂದರೆ ಇರುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಇರಬೇಕಲ್ಲ ಅನ್ನುತ್ತಿದ್ದಳು. ಯಾರಿಗಾಗಿ ಎಂದು ನಾವು ಕೇಳುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಬಸು ಹೈಸ್ಕೂಲಿಗೆಂದು ಗದಗಿಗೆ ಹೋದ. ನನ್ನ ಮದುವೆ ಗೊತ್ತಾಗಿತ್ತು. ಆ ದೀಪಾವಳಿಗೆ ಹೊಂದಿಕೊಂಡೇ ಕನ್ನಡ ನಾಡೆಲ್ಲ ಒಂದಾಯಿತು. ಅಪ್ಪ ಹಿಗ್ಗಿಹೋಗಿದ್ದ, ಅತ್ತೆಯನ್ನು ಬಲವಂತದಿಂದ ಹಬ್ಬಕ್ಕೆ ಕರೆಸಿದ್ದ. ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕೂತಿದ್ದರು, ಅತ್ತೆ ಹೋಳಿಗೆ ಬಡಿಸುತ್ತಿದ್ದಳು. ನಿಮ್ಮೂರು ನಮ್ಮೂರು ಇನ್ನು ಒಂದೇ ರಾಜ್ಯ ಅಂತ ಅಪ್ಪ ಹೇಳುತ್ತಿದ್ದ. ಅತ್ತೆ ಬುಟ್ಟಿ ಹಿಡಿದು ನಿಂತಳು.

"ಹಂಗಾರ ಗಡಿ ಗಿಡಿ ಏನೂ ಉಳಿದಿಲ್ಲನು, ಅಣ್ಣಾ?"

"ಇಲ್ಲವಾ. ಯಾರೂ ಕೇಳಾವರಿಲ್ಲ."

"ಮತ್ತ ಅವರಿಗೆ ಬರಾಕ ಇನ್ನೇನು ಅಡ್ಡಿ ಐತಿ?"

ಅಪ್ಪನ ಕೈ ತಟ್ಟೆಯಲ್ಲೇ ಉಳಿಯಿತು. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಬಸು ತಲೆ ಎತ್ತಿ ತನ್ನ ತಾಯಿಯನ್ನು ನೋಡಿದ. ಮೀಸೆ ಮೂಡಿತ್ತು, ಎತ್ತರದಲ್ಲಿ ಮಾವನನ್ನೇ ಹೋಲುತ್ತಿದ್ದ.

"ಅವ್ವಾ, ಅಪ್ಪ ಬರಂಗಿಲ್ಲ," ಅಂದ.

ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಾರದ ಮಾತು ಅದು. ಅತ್ತೆ ಕೂಗಿಕೊಳ್ಳುತ್ತಾಳೆ, ಬಿದ್ದೇಬಿಡುತ್ತಾಳೆ ಅಂತ ನಾನು ಗಾಬರಿಯಾಗಿ ಎದ್ದೆ. ಅವಳು ಬುಟ್ಟಿಯನ್ನು ನೆಲಕ್ಕಿಟ್ಟು ಮಗನ ಎದುರಿಗೆ ಕೂತಳು.

"ನನಗ ಗೊತ್ತೈತೆಪಾ," ಅಂದಳು. "ನಿನಗ ಹ್ಯಾಂಗ ಹೇಳೂದು ಅಂತ ಇಷ್ಟು ದಿನ ತಿಳಿದಿದ್ದಿಲ್ಲ."

ತಾನೂ ಇಷ್ಟು ವರ್ಷ ತಾಯಿಗಾಗಿ ಬಾಯಿ ಕಟ್ಟಿಕೊಂಡಿದ್ದೆ ಎಂದು, ಮುಂದೆ ಗದಗಿನಲ್ಲಿ ರೈಲ್ವೆ ನೌಕರಿ ಮಾಡುವಾಗ ಒಮ್ಮೆ ಬಸು ನನಗೆ ಹೇಳಿದ. ಆ ಊಟಕ್ಕೆ ಕೂತವರಲ್ಲಿ ಈಗ ಒಬ್ಬರೂ ಇಲ್ಲ. ಹೋದ ಮಳೆಗಾಲದಲ್ಲಿ ಬಸುವೂ ಹೋದ. ನಮ್ಮ ಮನೆಯಿದ್ದ ಜಾಗದಲ್ಲಿ ಅಂಗಡಿಗಳ ಸಾಲು ಎದ್ದಿದೆ, ಬಸ್ಸಿನಲ್ಲಿ ಹೋಗುವಾಗ ಎಲ್ಲಿತ್ತೆಂದು ನನಗೇ ಗುರುತು ಹತ್ತುವುದಿಲ್ಲ. ಆದರೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಹೊರಗೆ ಓಣಿಯಲ್ಲಿ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಬಸುವಿನ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಅವನು ಉಂಡು ಏಳುವ ತನಕ ಅವಳು ಅಲ್ಲಿಂದ ಕದಲಲಿಲ್ಲ.