ಬಾಗಿಲ ಪಕ್ಕದ ಚೀಲ

ಹರಿಹರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವಳು ನಾನು. ಬೆಳಗಿನ ಐದೂವರೆಗೆ ಗಂಟೆ ಬಾರಿಸುತ್ತಿದ್ದೆ. ಐದೂಮುಕ್ಕಾಲಿಗೆ ಹಾಸಿಗೆ ಮಡಚಿರಬೇಕು, ಬಟ್ಟೆ ಟ್ರಂಕಿನೊಳಗಿರಬೇಕು. ನಿವೃತ್ತಿಯಾದ ಮೇಲೆ ಬಾಡಿಗೆ ಕೋಣೆಯಲ್ಲೂ ಅದೇ ಕ್ರಮ. ಹೇಳಿಸಿಕೊಳ್ಳುವವರು ಮಾತ್ರ ಇಲ್ಲ. ಹೆತ್ತವರ ಆಸರೆಯಿಲ್ಲದ ಮಕ್ಕಳನ್ನು ಸರ್ಕಾರದ ಮೂಲಕ ಕೆಲಕಾಲ ಸಾಕಲು ಕರೆತಂದ ಮನೆಗಳ ಬಗ್ಗೆ ಸಂಶೋಧನೆ ಮಾಡಿ ಇಲಾಖೆಗೆ ವರದಿ ಕೊಡಲಿದ್ದ ಯುವತಿಯೊಬ್ಬಳು ಆ ಮನೆಗಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಡಿ ಎಂದಾಗ ಕೂಡಲೇ ಒಪ್ಪಿದೆ.

ಮೊದಲ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಒಂಬತ್ತು ವರ್ಷದ ಹುಡುಗಿ ಅಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಬಾಗಿಲ ಪಕ್ಕದಲ್ಲಿ ಅವಳ ಚೀಲ. ಜಿಪ್ ತೆಗೆದು ತೋರಿಸಿ ಮತ್ತೆ ಮುಚ್ಚಿದಳು. ಬಟ್ಟೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ತುಂಬಿದ್ದಳು.

“ಭೇಷ್! ನನ್ನ ಹಾಸ್ಟೆಲ್ ಹುಡುಗೇರೂ ಇಷ್ಟು ಚಂದ ಇಡ್ತಿರಲಿಲ್ಲ,” ಎಂದು ಹೊಗಳಿದೆ. ‘ಮಗು ಮನೆಗೆ ಹೊಂದಿಕೊಂಡಿದೆಯೇ?’ ಎಂಬಲ್ಲಿ ‘ಚೆನ್ನಾಗಿ’ ಎಂದು ಗುರುತು ಹಾಕಿದೆ.

ಮನೆಯಾಕೆಯ ಮುಖ ಸಪ್ಪಗಾಯಿತು. “ನೀವೂ ಹಂಗಂದ್ರೆ ಹೆಂಗ್ರಿ ಮೇಡಂ? ಅಲ್ಲಿ ನೋಡ್ರಿ, ಅವಳಿಗಂತ ಬಿಟ್ಟಿರೋ ಶೆಲ್ಫು. ಇನ್ನೂ ಒಂದು ಫ್ರಾಕು ಇಟ್ಟಿಲ್ಲ.”

“ಯಾಕವ್ವಾ?” ಎಂದು ಹುಡುಗಿಯನ್ನು ಕೇಳಿದೆ.

“ಹೋಗು ಅಂದಾಗ ತುಂಬಾಕೆ ಟೈಮ್ ಕೊಡಲ್ರಿ ಅಜ್ಜಿ. ಹೋದ ಸಲ ಒಂದು ಚಪ್ಪಲಿ ಹಿಂದಿನ ಮನ್ಯಾಗೇ ಉಳೀತು.” ನನ್ನನ್ನು ದಿಟ್ಟಿಸಿದಳು. “ನಿಮ್ಮ ಬಟ್ಟೆ ಎಲ್ಲಿಡ್ತೀರಿ?”

“ಟ್ರಂಕಿನಾಗೆ.”

“ನಿಮ್ಮನ್ನೂ ಕಳಿಸ್ತಾರೇನ್ರಿ?”

“ಏಯ್, ದೊಡ್ಡೋರಿಗೆ ಹಂಗೆಲ್ಲ ಕೇಳಬ್ಯಾಡ,” ಮನೆಯಾಕೆ ಗದರಿದಳು.

ಕಳಿಸಲಿಕ್ಕೆ ನನಗೆ ಯಾರಿದ್ದಾರೆ ಎನ್ನಬೇಕೆಂದಿದ್ದೆ. ಮಗುವಿನ ಮುಂದೆ ಆಡುವ ಮಾತಲ್ಲವೆಂದು ಮತ್ತೆ ಪ್ರಶ್ನಾವಳಿ ಕೈಗೆತ್ತಿಕೊಂಡೆ.

ಹಾಸ್ಟೆಲ್ ರಿಜಿಸ್ಟರಿನಲ್ಲಿ ಎಂದೂ ಚಿತ್ತು ಮಾಡಿದವಳಲ್ಲ. ಅಂದು ‘ಚೆನ್ನಾಗಿ’ ಎಂಬುದನ್ನು ಹೊಡೆದುಹಾಕಿ ‘ಇನ್ನೂ ಇಲ್ಲ’ ಎಂದು ಬರೆಯಹೊರಟಾಗ ಮನೆಯಾಕೆ ಹಾಳೆಯ ಮೇಲೆ ಕೈಯಿಟ್ಟಳು.

“ಹಂಗ್ ಬರದ್ರೆ ವಾಪಸ್ ಕರ್ಕೊಂಡು ಹೋಗ್ತಾರೇನ್ರಿ?”

“ಅದು ನನ್ನ ಕೈಯಾಗಿಲ್ಲವ್ವಾ. ಆದ್ರೆ ಸುಳ್ಳು ಹೆಂಗೆ ಬರೀಲಿ?”

ಮನೆಯಾಕೆ ಕೈ ತೆಗೆದಳು. ‘ಇನ್ನೂ ಇಲ್ಲ’ ಎಂದು ಬರೆದು, ಪಕ್ಕದ ಅಂಚಿನಲ್ಲಿ ಎರಡು ಸಾಲು ಸೇರಿಸಿ, ಹುಡುಗಿಗೆ ಕೇಳುವಂತೆ ಓದಿದೆ: “ಈ ಮನೆಯಿಂದ ಕದಲಿಸಬೇಡಿ. ಕಳಿಸಲೇಬೇಕಾದರೆ ಮೊದಲೇ ತಿಳಿಸಿ, ಚೀಲ ತುಂಬಲು ಒಂದು ದಿನ ಕೊಡಿ.”

“ಒಂದು ದಿನ ಪೂರ್ತಿ ಕೊಡ್ತಾರೇನ್ರಿ?” ಎಂದು ಹುಡುಗಿ ಕೇಳಿದಳು.

“ನಾನು ಬರ್ದೀನಿ. ಅವರು ಕೊಡಬೇಕು.”

ಅವಳು ಚೀಲದ ಜಿಪ್ಪನ್ನು ಅರ್ಧ ತೆರೆದು ನಿಂತಳು. ನಾನು ಹರಿಹರದ ಬಸ್ಸಿಗೆ ಹೊರಟಾಗಲೂ ಅದು ಅಷ್ಟೇ ತೆರೆದಿತ್ತು.