ಬಾಡಿಗೆ ಕೊಡೋರ ಪೈಕಿ

ಆ ಮನೆಯ ಜಗಲಿಯಲ್ಲಿ ಅವತ್ತು ನಾವು ನಾಲ್ಕು ಜನ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮನೆ ಯಜಮಾನರು, ಮೆಟ್ಟಿಲ ಮೇಲೆ ಮನೆ ತೋರಿಸಲು ನಮ್ಮನ್ನು ಕರೆತಂದಿದ್ದ ಆಟೋದವನು, ಕಂಬಕ್ಕೆ ಒರಗಿ ನಾನು, ನನ್ನ ಪಕ್ಕದಲ್ಲಿ ಸೆರಗು ಹೊದ್ದು ನಿಂತ ಅವ್ವ. ಇನ್ನೂ ಎರಡು ಕುರ್ಚಿ ಇದ್ದವು, ಕೂರಿ ಅಂತ ಯಾರೂ ಹೇಳಿರಲಿಲ್ಲ. ಸಕಲೇಶಪುರದ ಏರು ರಸ್ತೆಯ ಮನೆ. ಮೇ ಮುಗಿಯುತ್ತಾ ಬಂದಿತ್ತು.

ಅವ್ವ ಹೆತ್ತೂರು ಕಡೆಯ ಎಸ್ಟೇಟೊಂದರಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಆಯಸ್ಸೆಲ್ಲ ದುಡಿದವಳು. ಕೆಲಸ ಬಿಟ್ಟರೆ ಕೂಲಿಗಳ ಸಾಲಿನ ಲೈನ್ ಮನೆಯನ್ನೂ ಬಿಡಬೇಕು. ಅದು ಕೂಲಿಯ ಜೊತೆ ಬಂದದ್ದು, ಕೂಲಿಯ ಜೊತೆಗೇ ಹೋಗುತ್ತದೆ. ನಾನು ಪೇಟೆಯಲ್ಲಿ ಔಷಧಿ ಅಂಗಡಿಯ ಕೆಲಸಕ್ಕಿದ್ದು, ಗೆಳತಿಯರ ಜೊತೆ ಒಂದು ಕೋಣೆಯಲ್ಲಿದ್ದೆ. ಅವ್ವನಿಗೆ ಉಬ್ಬಸ. ಮಳೆ ಹಿಡಿಯುವ ಮೊದಲು ಥಂಡಿ ಹೊಡೆಯದ ಒಂದು ಮನೆ ಸಿಗಬೇಕಿತ್ತು.

ದಾರಿಯಲ್ಲಿ ಅವ್ವನಿಗೆ ಪಾಠ ಹೇಳಿದ್ದೆ. "ನೀನು ಬಾಯಿ ಬಿಡ್ಬೇಡ ಕಣವ್ವ. ಅವ್ರು ಏನ್ ಕೇಳಿದ್ರೂ ನಾನ್ ಹೇಳ್ತೀನಿ." ಈ ಮೊದಲು ನೋಡಿದ ಎರಡು ಮನೆಗಳು ಒಂದೇ ಒಂದು ಪ್ರಶ್ನೆಗೆ ಕೈತಪ್ಪಿದ್ದವು. ಈ ಸಲ ಸುಳ್ಳು ಹೇಳುವುದೆಂದು ತೀರ್ಮಾನಿಸಿದ್ದೆ. ಯಾವ ಸುಳ್ಳು ಎಂಬುದನ್ನೂ ಆರಿಸಿಟ್ಟುಕೊಂಡಿದ್ದೆ.

ಎಷ್ಟು ಜನ, ಗಂಡಸರು ಯಾರು, ನೆಂಟರು ಬರ್ತಾರಾ, ಮಾಂಸ ಮಾಡ್ತೀರಾ ಎಂದೆಲ್ಲ ಕೇಳಿದ ಯಜಮಾನರು ಕೊನೆಗೆ ದನಿ ಮೆತ್ತಗೆ ಮಾಡಿದರು.

"ಅದ್ಸರಿ, ನೀವು ಯಾವ ಪೈಕಿ?"

ನಮ್ಮ ಕಡೆ ಮರ್ಯಾದಸ್ಥರು ಜಾತಿ ಅನ್ನುವ ಮಾತನ್ನು ಬಾಯಲ್ಲಿ ಆಡುವುದಿಲ್ಲ. ಪೈಕಿ ಅನ್ನುತ್ತಾರೆ. ಮಾತಿಗೆ ಮಡಿ ಉಡಿಸಿದರೆ ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೇಳಿಯೇಬಿಟ್ಟಳು. "ನಾವಾ? ನಾವು ಬಾಡಿಗೆ ಕೊಡೋರ ಪೈಕಿ, ಸ್ವಾಮಿ."

"ಅದಲ್ಲಮ್ಮ ನಾನ್ ಕೇಳಿದ್ದು…"

"ಅದೇ ಕಣ್ರೀ. ನೀವು ಇಸ್ಕೊಳೋರ ಪೈಕಿ, ನಾವು ಕೊಡೋರ ಪೈಕಿ. ಮೂರನೇದು ಈ ಜಗಲೀಲಿ ಯಾರವ್ರೆ?"

"ನಾನಿದೀನಲ್ಲ ಅಜ್ಜಿ," ಅಂದ ಆಟೋದವನು.

"ನೀನು ಕಮಿಷನ್ ಪೈಕಿ, ಸುಮ್ಕಿರು ಮಾರಾಯ."

ಯಜಮಾನರು ನಗಲಿಲ್ಲ. "ಇಷ್ಟು ದಿನ ಎಲ್ಲಿದ್ರಿ?"

"ಲೈನಲ್ಲಿ." ಅವ್ವ ತಲೆ ತಗ್ಗಿಸದೆ ಹೇಳಿದಳು. "ನೀವು ಕೇಳಿದ್ದು ಆಯ್ತಲ್ಲ, ಈಗ ನಮ್ದೂ ಒಸಿ ಕೇಳೋದೈತೆ."

ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದಳು. ಪಡುವಣದ ಗೋಡೆ ಯಾವುದು? ಮಳೆ ಎರಚಲು ಎಲ್ಲಿ ತನಕ ಬರ್ತದೆ? ಆಷಾಢದಲ್ಲಿ ಬಟ್ಟೆ ಒಣಗಿಸೋದೆಲ್ಲಿ? ಹಿಂದೆ ಇದ್ದೋರು ಮಳೆಗಾಲ ಮುಗಿಸಿ ಹೋದ್ರಾ, ಮಧ್ಯದಲ್ಲೇ ಬಿಟ್ಟು ಹೋದ್ರಾ? ಕೊನೆಯ ಪ್ರಶ್ನೆಗೆ ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು.

"ಇದೇನಮ್ಮ, ಪೊಲೀಸ್ ಸ್ಟೇಷನ್ನಾ? ಮೊನ್ನೆ ತಾನೆ ಹೊಸ ಬಣ್ಣ ಹೊಡೆಸಿದೀನಿ, ನೋಡಿ."

ಅವ್ವ ನೋಡಿದಳು. ಮಲಗುವ ಕೋಣೆಯಲ್ಲಿ, ಮೊಣಕಾಲಿನೆತ್ತರಕ್ಕೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು.

"ಇಷ್ಟು ಕೆಳಗೆ ಕ್ಯಾಲೆಂಡರ್ ಯಾರಿಗ್ರೀ? ಬೆಕ್ಕಿಗಾ?"

ಅದನ್ನೆತ್ತಿದರೆ ಹಿಂದೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಕಾಫಿ ರಾಶಿಯೊಳಗೆ ಕೈ ತೂರಿಸಿ ಹಸಿಯೋ ಒಣಗಿದ್ದೋ ಹೇಳುತ್ತಿದ್ದ ಆ ಅಂಗೈಯನ್ನು ಅವ್ವ ಗೋಡೆಗೆ ಒತ್ತಿ ಹಿಡಿದಳು. "ಹಸಿ ರಾಶಿ ಮೇಲೆ ಒಣಗಿದ್ದು ಹರಡಿದ್ರೆ ಲೆಕ್ಕ ಬರೆಯೋ ಎಸ್ಟೇಟ್ ರೈಟರ್ ಮೋಸ ಹೋಗ್ಬೋದು ಸ್ವಾಮಿ, ನಾನ್ ಹೋಗಲ್ಲ. ಈ ಮನೆ ನಮಗೆ ಬ್ಯಾಡ."

"ಕೊಡ್ತೀನಿ ಅಂತ ನಾನೆಲ್ಲಿ ಹೇಳಿದೆ?"

"ನೀವು ಇಲ್ಲ ಅನ್ನೋಕ್ ಮುಂಚೆ ನಾನೇ ಅಂದ್ಬುಟ್ಟೆ."

ಆಟೋದಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ಲೈನ್ ಮನೆ ಬಿಡಲು ಉಳಿದಿರುವುದು ಹತ್ತೇ ದಿನ, ರೈಟರ್ ಆಗಲೇ ಎರಡು ಸಲ ಹೇಳಿ ಕಳಿಸಿದ್ದಾರೆ, ನಿನಗೆ ಈ ಠೇಂಕಾರ ಯಾಕೆ ಅಂತ. ಮನೆಯೆಲ್ಲ ಸುತ್ತಾಡಿದ್ದ ಅವ್ವನ ಎದೆ ಗುಯ್‌ಗುಡುತ್ತಿತ್ತು. ಉಸಿರು ಹದಕ್ಕೆ ಬಂದ ಮೇಲೆ ಅಂದಳು, "ಸುಳ್ಳು ಹೇಳಿ ಒಳಗೆ ಹೋದ್ರೆ ದಿನಾ ಎದ್ದು ಆ ಸುಳ್ಳಿಗೆ ಕಾವಲು ಕೂರ್ಬೇಕು ಕಣ್ ಮಗ. ಈ ವಯಸ್ಸಲ್ಲಿ ನನ್ ಕೈಲಾಗಲ್ಲ." ನಾನು ಆರಿಸಿಟ್ಟುಕೊಂಡಿದ್ದ ಸುಳ್ಳನ್ನು ಅವತ್ತೇ ಬಿಟ್ಟೆ. ಬಾಡಿಗೆ ಮನೆ ಕೇಳಲು ಹೋಗುವವರು ಪರೀಕ್ಷೆಗೆ ಕೂತವರಲ್ಲ. ಅವರು ಕೇಳಲಿ, ನಾವೂ ಕೇಳೋಣ. ಗೋಡೆಯ ಬಗ್ಗೆ ಕೇಳಿದರೆ ಸಿಟ್ಟಾಗುವವರ ಗೋಡೆ ಹೇಗಿರುತ್ತದೆಂದು ಆಮೇಲೆ ನೋಡಿದ ಇನ್ನೂ ಮೂರು ಮನೆಗಳಲ್ಲಿ ನನಗೆ ಖಾತ್ರಿಯಾಯಿತು.

ಏಳನೆಯದು ಆನೇಮಹಲ್‌ನಲ್ಲಿ, ಹೆದ್ದಾರಿಯ ಬದಿಗೆ. ಟೀ ಅಂಗಡಿ ನಡೆಸುತ್ತಿದ್ದ ಹೆಂಗಸಿನ ಮನೆಯ ಮಹಡಿ. ಅವ್ವ ಕೇಳುವ ಮೊದಲೇ ಆಕೆ, "ಲಾರಿ ಸದ್ದಿಗೆ ನಿದ್ದೆ ಬರ್ತದೇನಕ್ಕ ನಿಮಗೆ? ಅದೊಂದು ಯೋಚ್ನೆ ಮಾಡ್ಕೊಳ್ಳಿ," ಅಂದರು.

"ಸದ್ದಿರ್ಲಿ, ಗೋಡೆ ಬೆವರ್ತದಾ?"

"ಅಡಿಗೆಮನೇದು ಬೆವರ್ತದೆ, ಸುಳ್ಳ್ಯಾಕೆ ಹೇಳ್ಲಿ. ಮಲಗೋ ಕೋಣೆ ಒಣಗಿರ್ತದೆ."

ಅವ್ವ ಅಂಗೈ ಒತ್ತಿ ನೋಡಿದಳು. ಆಮೇಲೆ, ಯಾರೂ ಕೇಳದಿದ್ದರೂ, ನಮ್ಮ ಜಾತಿಯ ಹೆಸರನ್ನು ನೇರವಾಗಿ ಹೇಳಿದಳು. ಆಕೆ "ಸರಿ" ಅಂದು, ನಲ್ಲಿಯಲ್ಲಿ ನೀರು ಬಿಡುವ ಹೊತ್ತು ತಿಳಿಸಿದರು.

ನಾವು ಅಲ್ಲಿಗೆ ಬಂದಾದ ಮೇಲೆ, ಜೂನ್ ಎರಡನೇ ವಾರ ಮಳೆ ಹಿಡಿಯಿತು. ಆಕೆ ಹೇಳಿದಂತೆಯೇ ಅಡಿಗೆಮನೆಯ ಗೋಡೆ ಬೆವರಿತು. ಆಕೆ ಮೇಲೆ ಬಂದು ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ ಹಿಡಿದೆ. ಅಡಿಗೆಮನೆಯ ಪಾತ್ರೆ ಸ್ಟ್ಯಾಂಡನ್ನು ಪಡುವಣ ಗೋಡೆಯಿಂದ ಎತ್ತಿ ಮೂಡಣಕ್ಕೆ ಇಟ್ಟೆವು.