ಹಿಡಿದಿಟ್ಟುಕೊಳ್ಳದ ಪದರ

ಮಗಳು ಉಗುರುಬಣ್ಣ ಅಳಿಸಲೆಂದು ಬಾಟಲಿಯ ಮುಚ್ಚಳ ತೆಗೆದಳು. ಅಸಿಟೋನ್ ವಾಸನೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನ ನಮ್ಮ ಅಡುಗೆಮನೆಯನ್ನೆಲ್ಲ ತುಂಬಿತು. "ಅಮ್ಮಾ, ಇಟ್ ಸ್ಟಿಂಕ್ಸ್!" ಎಂದು ಅವಳು ಮೂಗು ಮುಚ್ಚಿಕೊಂಡಳು. ನನಗೋ, ನಾಗರತ್ನ ಬಾಗಿಲಲ್ಲಿ ಬಂದು ನಿಂತಂತಾಯಿತು.

ನಾಗರತ್ನ ಧಾರವಾಡದವಳು. ಡಲ್ಲಾಸ್‌ನಲ್ಲಿ ಓದುವಾಗ ನನ್ನ ಲ್ಯಾಬಿನ ಜೊತೆಗಾತಿ, ಪಕ್ಕದ ಅಪಾರ್ಟ್‌ಮೆಂಟಿನವಳು. ಸಿಲಿಕಾನ್ ಬಿಲ್ಲೆ, ಚಿಮಟ ಎಲ್ಲವನ್ನೂ ಅಸಿಟೋನಿನಲ್ಲಿ ತೊಳೆದು ತೊಳೆದು ನಮ್ಮ ದುಪಟ್ಟಾಗಳಿಗೂ ಅದೇ ಸುಗಂಧ. ನಮ್ಮ ಕೆಲಸವೇನೆಂದು ಮನೆಯವರಿಗೆ ಕೊನೆಗೂ ತಿಳಿಯಲಿಲ್ಲ, ನೀವಾದರೂ ಕೇಳಿ. ಆ ಬಿಲ್ಲೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಹಾಸಿ, ಅದರ ಮೇಲೆ ಲೋಹದ ಚುಕ್ಕೆಗಳನ್ನಿಡುತ್ತಿದ್ದೆವು. ಒಂದೊಂದು ಚುಕ್ಕೆಯೂ ವಿದ್ಯುತ್ತನ್ನು ಕೂಡಿಡುವ ಪುಟ್ಟ ಕೆಪಾಸಿಟರ್. ವೋಲ್ಟೇಜ್ ಏರಿಸಿದಷ್ಟೂ ಹೆಚ್ಚು ಕೂಡಿಡುತ್ತದೆ; ಮಿತಿ ಮೀರಿದರೆ ಸುಟ್ಟುಹೋಗುತ್ತದೆ. ನಾನು ಆಸೆಬುರುಕಿ. ಇನ್ನೊಂದೇ ವೋಲ್ಟ್ ಎನ್ನುತ್ತ ಎಷ್ಟೋ ಒಳ್ಳೆಯ ಚುಕ್ಕೆಗಳನ್ನು ಬಲಿಕೊಟ್ಟೆ.

"ಸಾಕ್ ಮಾಡವಾ! ಪಾಪ, ಅದರ ಎಷ್ಟಂತ ತಡಕೊಂಡೀತು?" ಎಂದು ಅವಳು ವೋಲ್ಟೇಜಿನ ಗುಂಡಿಯಿಂದ ನನ್ನ ಕೈ ಸರಿಸುತ್ತಿದ್ದಳು.

ಆ ಪದರಗಳಿಗೆ ಆಂಟಿಫೆರೋಎಲೆಕ್ಟ್ರಿಕ್ ಎಂದು ಹೆಸರು. ವೋಲ್ಟೇಜ್ ತೆಗೆದೊಡನೆ ಮೊದಲಿನ ಸ್ಥಿತಿಗೆ ಮರಳಿ, ಕೂಡಿಟ್ಟದ್ದರಲ್ಲಿ ಬಹುಪಾಲನ್ನು ವಾಪಸು ಕೊಟ್ಟುಬಿಡುತ್ತವೆ. ಫೆರೋಎಲೆಕ್ಟ್ರಿಕ್ ಎಂಬ ಅವುಗಳ ದಾಯಾದಿಗಳು ಹಾಗಲ್ಲ. ಒಂದು ಪಾಲನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ.

"ನೀ ಆ ಎರಡನೇ ನಮೂನಿ ನೋಡು," ಎಂದು ನಾಗರತ್ನ ನಗುತ್ತಿದ್ದಳು. "ನನ್ನ ಚಟ್ನಿಪುಡಿ ಡಬ್ಬಿ ಒಂದರ ವಾಪಸ್ ಕೊಟ್ಟೀಯೇನು?"

ಓದು ಮುಗಿದ ಮೇಲೆ ಅವಳಿಗೆ ಹ್ಯೂಸ್ಟನ್ ಕಡೆ ಕೆಲಸ, ನನಗೆ ಆಸ್ಟಿನ್. ಒಂದು ಬೆಳಗಿನ ಡ್ರೈವ್ ಅಷ್ಟೇ, ಬರುತ್ತಿರುತ್ತೇನೆ ಎಂದಿದ್ದಳು. ಮೊದಮೊದಲು ಫೋನು, ಆಮೇಲೆ ಹಬ್ಬದ ಮೆಸೇಜು, ಆಮೇಲೆ ಅದೂ ಇಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಗಂಡ, ಮಗು, ಕೆಲಸ ಎಲ್ಲ ಇದ್ದೂ, ಆ ಸಲಿಗೆಯ ಗದರಿಕೆಗಾಗಿ ನಾನು ಈಗಲೂ ಹಂಬಲಿಸುತ್ತೇನೆ. ಅವಳಲ್ಲಿ ನಾನು ಒಂದಿಷ್ಟಾದರೂ ಉಳಿದಿದ್ದೇನೆಯೇ? ಕೇಳಿ ತಿಳಿಯಲು ಇಷ್ಟು ವರ್ಷ ಧೈರ್ಯ ಬರಲಿಲ್ಲ.

ಇವತ್ತು ಅವಳ ಹಳೆಯ ನಂಬರಿಗೆ ಫೋನ್ ಮಾಡಿದೆ.

"ಯಾರ್ರೀ?" ಅದೇ ಧ್ವನಿ.

ಹೆಸರು ಹೇಳಿದೆ. ನನ್ನ ಹೆಸರಿನವರು ಈ ಟೆಕ್ಸಾಸ್‌ನಲ್ಲಿ ಓಣಿಗೊಬ್ಬರು ಇದ್ದಾರೆ.

"ಎಲ್ಲಿಂದ ಮಾತಾಡಾಕತ್ತೀರಿ?"

ನಾನು ಸೀಡರ್ ಪಾರ್ಕಿಗೆ ಬಂದು ವರ್ಷಗಳೇ ಆಗಿವೆ, ಆದರೆ ಅವಳು ಬಲ್ಲ ನಾನು ಆ ಲ್ಯಾಬಿನವಳು.

"ಡಲ್ಲಾಸ್‌ನಿಂದ," ಎಂದೆ.